ಕೊಡಚಾದ್ರಿಯ ಸೂರ್ಯಾಸ್ತಕ್ಕೆ ಊರಿನ ಯುವಜನರೊಡನೆ ಹೊರಡುವಾಗ

ಸ್ವಯಂಸೇವಕರು ಊರಿನ ಯುವಕ ಯುವತಿಯರೊಂದಿಗೆ 1,343 ಮೀಟರ್ ಎತ್ತರದ ಕೊಡಚಾದ್ರಿಯನ್ನು ಹತ್ತಲು ಡಿಸೆಂಬರ್ ಅಥವಾ ಜನವರಿ ತಿಂಗಳನ್ನು ಆರಿಸಿಕೊಳ್ಳುವುದು ಒಳಿತು. ಮಳೆಗಾಲದಲ್ಲಿ ಉಂಬಳಗಳ (ಜಿಗಣೆಗಳ) ಕಾಟವಿರುವುದಷ್ಟೇ ಅಲ್ಲ, ಮಂಜು ಪಡುವಣ ದಿಗಂತವನ್ನೇ ಮುಚ್ಚಿಬಿಡುತ್ತದೆ. ಇದು ಮೂಕಾಂಬಿಕಾ ವನ್ಯಜೀವಿಧಾಮದ ಕಾಡಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದು, ಬೆಟ್ಟದ ಮೇಲೆ ಎಷ್ಟು ಹೊತ್ತಿನವರೆಗೆ ಇರಬಹುದೆಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಆ ದಿನಗಳಲ್ಲಿ ಸಂಜೆ 6 ಗಂಟೆ ದಾಟುತ್ತಿದ್ದಂತೆ ಸೂರ್ಯನು ಅರಬ್ಬೀ ಸಮುದ್ರದ ಕಡೆಗೆ ಇಳಿಯುವುದರಿಂದ, 5 ಗಂಟೆಗೇ ಬೆಟ್ಟದ ತುದಿಯಲ್ಲಿರುವ ಸರ್ವಜ್ಞಪೀಠದ ಕಲ್ಲುಮಂಟಪವನ್ನು ತಲುಪಿರಬೇಕು. ದಾರಿ ಬಲ್ಲ ಊರಿನವರು ಮುಂದೆ ನಡೆಯಲಿ, ಅನುಭವಿ ಸ್ವಯಂಸೇವಕರೊಬ್ಬರು ಎಲ್ಲರಿಗಿಂತ ಹಿಂದೆ ಬರಲಿ. ತಂಡದ ವೇಗವನ್ನು ಅತ್ಯಂತ ನಿಧಾನವಾಗಿ ನಡೆಯುವವರೇ ನಿರ್ಧರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತುವುದಕ್ಕಿಂತ ಕತ್ತಲಲ್ಲಿ ಇಳಿಯುವುದೇ ಹೆಚ್ಚು ಕಷ್ಟ, ಆದ್ದರಿಂದ ಪ್ರತಿಯೊಬ್ಬರ ಬಳಿಯೂ ಟಾರ್ಚ್ ಇರಲಿ, ಹೊರಡುವ ಮುನ್ನ ತಲೆ ಎಣಿಸಿರಿ.