ಆಳ ಮಾಡಿಸಿದ ಬಾವಿಗೆ ನಾನೇ ಮತ್ತೆ ಹೊಯಿಗೆ ತುಂಬಿಸಿದೆ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕಾಳಿ ನದಿ. ಹಿತ್ತಿಲ ಬಾವಿ 16 ಅಡಿ, ಹೊಯಿಗೆ (ಮರಳು) ನೆಲವಾದ್ದರಿಂದ ಸಿಮೆಂಟ್ ರಿಂಗ್ ಇಳಿಸಿದ್ದು. ಅಮ್ಮ ಕೊಡದಲ್ಲಿ ಎತ್ತುತ್ತಿದ್ದಷ್ಟು ಕಾಲ ನೀರು ಸಿಹಿಯಾಗೇ ಇತ್ತು. ನಾನು 1 ಎಚ್‌ಪಿ ಮೋಟರ್ ಕೂರಿಸಿದೆ. ಎರಡನೇ ವರ್ಷದ ಏಪ್ರಿಲ್‌ನಲ್ಲಿ ಚಹಾ ಉಪ್ಪಾಯಿತು, ಬೇಳೆ ಬೇಯಲಿಲ್ಲ.

ನೀರು ಕಮ್ಮಿಯಾಗಿದ್ದಕ್ಕೆ ಹೀಗೆ ಅಂದುಕೊಂಡು ಇನ್ನೂ 4 ಅಡಿ ತೆಗೆಸಿದೆ. ಬಾಯಿಗೆ ಹಾಕಲಿಕ್ಕೂ ಆಗದ ನೀರು ಬಂತು!

ಆಮೇಲೆ ಒಂದು ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಬಾವಿಗೆ ಇಳಿಸಿದೆ. ತಳ ಮುಟ್ಟಿದ ಮೇಲೆ ಬಿರಡೆ ಎಳೆದೆ. ಮೇಲಿನ ನೀರು ಬರೀ ಸವಳು, ತಳದ್ದು ಪೂರ್ತಿ ಉಪ್ಪು. ವಿಷಯ ಆಗ ಹೊಳೆಯಿತು.

ಮಳೆ ನೀರು ಹೊಯಿಗೆ ಸಂದಿಯಲ್ಲಿ ಇಳಿದು ನಿಲ್ಲುತ್ತದೆ. ಅದರ ಕೆಳಗೆ ಸಮುದ್ರದ ನೀರು ನುಗ್ಗಿರುತ್ತದೆ. ಸಿಹಿ ನೀರು ಲೀಟರಿಗೆ 1000 ಗ್ರಾಂ, ಸಮುದ್ರದ್ದು ಸುಮಾರು 1025. ಹಗುರದ್ದು ತೇಲುತ್ತದೆ. ನೆಲದೊಳಗಿನ ನೀರು ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ, ಸಮುದ್ರಮಟ್ಟದಿಂದ ಕೆಳಗೆ ಸುಮಾರು 40 ಅಡಿ ಸಿಹಿ ನೀರು. ಇದೇ ಲೆಕ್ಕ ಉಲ್ಟಾ ಕೂಡ ನಡೆಯುತ್ತದೆ. ಮೋಟರ್ ದಿನಾ ಎಳೆದು ಮಟ್ಟವನ್ನು ಅರ್ಧ ಅಡಿ ಇಳಿಸಿಯೇ ಇಟ್ಟರೆ, ಉಪ್ಪು ನಿಧಾನವಾಗಿ 20 ಅಡಿಯಷ್ಟು ಮೇಲೇರಬಹುದು. ಅದೂ ಬಾವಿಯ ಕೆಳಗೇ, ಹುತ್ತದ ಹಾಗೆ. ನಾನು ಆ ಹುತ್ತದ ತಲೆಗೇ ಗುದ್ದಲಿ ಹಾಕಿದ್ದೆ.

ಅಗೆದ 4 ಅಡಿಯನ್ನೂ ಜಲ್ಲಿ, ಹೊಯಿಗೆ ಹಾಕಿ ಮುಚ್ಚಿಸಿದೆ. ಅಗೆದವನಿಗೇ ಮುಚ್ಚಲು ಕೂಲಿ ಕೊಡುವಾಗ ಆತ ನಕ್ಕ, ಇರಲಿ. ಅರ್ಧ ಎಚ್‌ಪಿ ಮೋಟರ್ ಹಾಕಿ, ಫುಟ್‌ವಾಲ್ವ್ (ಪೈಪಿನ ತುದಿಯಲ್ಲಿ ನೀರು ಎಳೆದುಕೊಳ್ಳುವ ಬಾಯಿ) ಮೇಲೆತ್ತಿಟ್ಟೆ. ಬೆಳಿಗ್ಗೆ 10 ನಿಮಿಷ, ಸಂಜೆ 10 ನಿಮಿಷ, ಅಷ್ಟೇ.

ಮಾಡಿನ (ಛಾವಣಿಯ) ನೀರನ್ನು ಬಾವಿ ಪಕ್ಕದ ಇಂಗುಗುಂಡಿಗೆ ಬಿಟ್ಟೆ. ವರ್ಷಕ್ಕೆ 3000 ಮಿ.ಮೀ. ಮಳೆ ಹಿಡಿದರೆ 1000 ಚದರ ಅಡಿ ಮಾಡಿನಿಂದ ಎರಡೂಮುಕ್ಕಾಲು ಲಕ್ಷ ಲೀಟರ್. ಆದರೆ ಜುಲೈನಲ್ಲಿ ಗುಂಡಿ ಸುಮ್ನೆ ತುಂಬಿ ಹರಿಯುತ್ತದೆ. ಆಗ ನೆಲವೇ ತುಂಬಿರುತ್ತದೆ ಅಲ್ವಾ? ನನಗೆ ಜಾಸ್ತಿ ಉಪಯೋಗ ಸೆಪ್ಟೆಂಬರ್, ಅಕ್ಟೋಬರ್ ಮಳೆಯದ್ದು.

ಮೊದಲ ಬೇಸಿಗೆ ಏನೂ ಬದಲಾಗಲಿಲ್ಲ. ಒಂದು ಮಳೆಗಾಲ ಕಳೆದ ಮೇಲೆ ಏಪ್ರಿಲ್ ಕೊನೆವರೆಗೂ ಸಿಹಿ ನೀರು ಸಿಕ್ಕಿತು. ಮೇ ತಿಂಗಳಲ್ಲಿ ಈಗಲೂ ಸ್ವಲ್ಪ ಸವಳಾಗುತ್ತದೆ. ಆಗ ಮೋಟರಿನ ಫ್ಯೂಸ್ ತೆಗೆದಿಟ್ಟು ಕೊಡದಲ್ಲೇ ಎತ್ತುತ್ತೇವೆ.