ಸ್ಟ್ರೆಂತ್ ಕೋಚ್ ಆಗಬೇಕೆ? ಪದವಿ ಆರಿಸುವುದು ಹೀಗೆ

ಪಿಯುಸಿ ಮುಗಿಸಿ, ಮುಂದೆ ಕ್ರೀಡಾ ತಂಡಗಳ ಜೊತೆ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಕೋಚ್ ಆಗಿ ದುಡಿಯಬೇಕೆಂದುಕೊಂಡವರಿಗೆ ಎದುರಾಗುವ ಮೊದಲ ತೊಡಕೆಂದರೆ, ನಮ್ಮ ಬಹುಪಾಲು ಕಾಲೇಜುಗಳಲ್ಲಿ ಆ ಹೆಸರಿನ ಪದವಿಯೇ ಇಲ್ಲದಿರುವುದು. ಇರುವುದು ದೈಹಿಕ ಶಿಕ್ಷಣ, ಕ್ರೀಡಾ ವಿಜ್ಞಾನ, ಫಿಸಿಯೋಥೆರಪಿ ಮುಂತಾದ ಕೋರ್ಸುಗಳು. ಹಾಗಾಗಿ ಕೋರ್ಸಿನ ಹೆಸರನ್ನು ಬದಿಗಿಟ್ಟು, ಅದರೊಳಗೆ ಏನನ್ನು ಕಲಿಸುತ್ತಾರೆ ಎಂಬುದನ್ನು ನೋಡಿ ಆರಿಸುವುದೇ ಸರಿಯಾದ ದಾರಿ.

ಮೊದಲು ಕೆಲಸವನ್ನು ತಿಳಿಯಿರಿ

ಜಿಮ್ ಟ್ರೇನರ್ ಕೆಲಸವೂ ಇದೂ ಒಂದೇ ಅಲ್ಲ. ಜಿಮ್‌ಗೆ ಬರುವವರಿಗೆ ಮೈಕಟ್ಟು, ತೂಕ, ಆರೋಗ್ಯ ಮುಖ್ಯ. ತಂಡದ ಆಟಗಾರನಿಗೆ ಬೇಕಾದದ್ದು ಪಂದ್ಯದ ದಿನದ ವೇಗ, ಕಸುವು ಮತ್ತು ಗಾಯವಿಲ್ಲದ ಕ್ರೀಡಾ ಋತು. ಯಾವ ವಾರ ವ್ಯಾಯಾಮದ ಭಾರ ಹೆಚ್ಚಿಸಬೇಕು, ಯಾವಾಗ ಇಳಿಸಬೇಕು, ಗಾಯದಿಂದ ಚೇತರಿಸಿಕೊಂಡ ವೇಗದ ಬೌಲರ್‌ಗೆ ದಿನಕ್ಕೆ ಎಷ್ಟು ಓವರ್ ಕೊಡಬಹುದು ಎಂಬಂಥ ಪ್ರಶ್ನೆಗಳಿಗೆ ಮುಖ್ಯ ಕೋಚ್ ಮತ್ತು ಫಿಸಿಯೋ ಜೊತೆ ಕುಳಿತು ಉತ್ತರ ಹುಡುಕುವ ಹುದ್ದೆ ಇದು. 2011ರ ವಿಶ್ವಕಪ್ ಗೆದ್ದ ಭಾರತ ಕ್ರಿಕೆಟ್ ತಂಡದೊಂದಿಗೆ ಚೆನ್ನೈನ ರಾಮ್‌ಜಿ ಶ್ರೀನಿವಾಸನ್ ಈ ಹೊಣೆ ಹೊತ್ತಿದ್ದರು.

ಪಠ್ಯಕ್ರಮವನ್ನು ತರಿಸಿ ಓದಿ

ಪ್ರಾಸ್ಪೆಕ್ಟಸ್‌ನ ಬಣ್ಣದ ಪುಟಗಳಿಂದ ಏನೂ ತಿಳಿಯುವುದಿಲ್ಲ. ವಿಶ್ವವಿದ್ಯಾಲಯದ ಜಾಲತಾಣದಿಂದ ಸೆಮಿಸ್ಟರ್‌ವಾರು ಪಠ್ಯಕ್ರಮವನ್ನು ಇಳಿಸಿಕೊಂಡು, ಅಂಗರಚನಾಶಾಸ್ತ್ರ, ವ್ಯಾಯಾಮದ ಶರೀರಕ್ರಿಯಾಶಾಸ್ತ್ರ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆ ಮತ್ತು ಅದರ ಮೇಲಿನ ಬಲಗಳ ಅಧ್ಯಯನ), ಪೋಷಣಾ ವಿಜ್ಞಾನ, ಸಂಖ್ಯಾಶಾಸ್ತ್ರ ಇವೆಯೇ ಎಂದು ಹುಡುಕಬೇಕು. ಇವುಗಳಲ್ಲಿ ಒಂದೊಂದು ಪತ್ರಿಕೆಯಾದರೂ ಪ್ರಾಯೋಗಿಕ ತರಗತಿಯೊಂದಿಗೆ ಇಲ್ಲದಿದ್ದರೆ ಆ ಕೋರ್ಸು ನಿಮ್ಮ ಉದ್ದೇಶಕ್ಕೆ ಸಾಲದು.

ಇಷ್ಟೊಂದು ವಿಜ್ಞಾನ ಏಕೆ ಎಂದು ಕೇಳುವವರು ಒಬ್ಬ ವಾಲಿಬಾಲ್ ಆಟಗಾರ್ತಿಯನ್ನು ಗಮನಿಸಲಿ. ಆಕೆ ಬ್ಲಾಕ್‌ಗೆ ಜಿಗಿದು ಇಳಿಯುವಾಗ ಮೊಣಕಾಲು ಒಳಕ್ಕೆ ವಾಲುತ್ತಿದೆ ಎನ್ನಿ. ಹಾಗೆ ವಾಲಿದಾಗ ಮೊಣಕಾಲಿನ ಅಸ್ಥಿರಜ್ಜುಗಳ ಮೇಲೆ ಎಂಥ ಒತ್ತಡ ಬೀಳುತ್ತದೆ ಎಂಬುದನ್ನು ಬಯೋಮೆಕ್ಯಾನಿಕ್ಸ್ ಹೇಳುತ್ತದೆ. ಸೊಂಟದ ಹೊರಬದಿಯ ಸ್ನಾಯುಗಳ ದೌರ್ಬಲ್ಯ ಅದಕ್ಕೊಂದು ಕಾರಣವಿರಬಹುದೆಂದು ಅಂಗರಚನೆ ಸೂಚಿಸುತ್ತದೆ. ಮೊದಲ ಸೆಟ್‌ನಲ್ಲಿ ಇಲ್ಲದ ದೋಷ ಐದನೆಯ ಸೆಟ್‌ನಲ್ಲಿ ಏಕೆ ಕಾಣಿಸಿಕೊಂಡಿತೆಂಬುದನ್ನು ದಣಿವಿನ ಶರೀರಕ್ರಿಯೆ ವಿವರಿಸುತ್ತದೆ. ಬರೀ ಸ್ಕ್ವಾಟ್ ಮಾಡಿಸಲು ಬಲ್ಲವರಿಗೆ ಈ ಮೂರೂ ಕಾಣುವುದಿಲ್ಲ. ಇನ್ನು ಸಂಖ್ಯಾಶಾಸ್ತ್ರವನ್ನು ವಿದ್ಯಾರ್ಥಿಗಳು ಬೇಸರದಿಂದ ನೋಡುವುದುಂಟು. ಆದರೆ ಆಟಗಾರರು ಓಡಿದ ದೂರ, ವೇಗಗಳನ್ನು ಅಳೆಯುವ ಜಿಪಿಎಸ್ ಉಪಕರಣ ತೊಟ್ಟು ಅಭ್ಯಾಸ ಮಾಡುವ ಈ ಕಾಲದಲ್ಲಿ ಅಂಕಿಗಳನ್ನು ಓದಲಾರದ ಕೋಚ್‌ಗೆ ದೊಡ್ಡ ತಂಡದಲ್ಲಿ ನೆಲೆ ಸಿಗುವುದು ಕಷ್ಟ.

ಮೂರು ದಾರಿಗಳನ್ನು ತೂಗಿ ನೋಡಿ

ಕ್ರೀಡಾ ವಿಜ್ಞಾನದ ಬಿ.ಎಸ್ಸಿ. ಈ ವೃತ್ತಿಗೆ ಅತ್ಯಂತ ಹತ್ತಿರದ್ದು. ಅದು ಸಿಕ್ಕಿದರೆ ಬೇರೆ ಯೋಚನೆ ಬೇಡ. ಮಣಿಪುರದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ, ಚೆನ್ನೈನ ತಮಿಳುನಾಡು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯದಂಥ ಕ್ರೀಡೆಗೇ ಮೀಸಲಾದ ಸಂಸ್ಥೆಗಳ ಪಠ್ಯಕ್ರಮಗಳನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಎರಡನೆಯದು ಫಿಸಿಯೋಥೆರಪಿ, ಅಂದರೆ ಬಿಪಿಟಿ. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಅಂಗರಚನೆಯ ತಳಹದಿ ಇಲ್ಲಿ ಸಿಗುವಷ್ಟು ಗಟ್ಟಿಯಾಗಿ ಬೇರೆಡೆ ಸಿಗದು. ಕೋಚಿಂಗ್ ಕೈಗೂಡದಿದ್ದರೂ ಹೊಟ್ಟೆಪಾಡಿಗೆ ಒಂದು ವೃತ್ತಿ ಇದ್ದೇ ಇರುತ್ತದೆ ಎಂಬ ಕಾರಣಕ್ಕೆ ಪೋಷಕರಿಗೂ ಇದು ಒಪ್ಪಿತ. ಆದರೆ ಈ ಕೋರ್ಸಿನ ಬಹುಭಾಗ ಪಾರ್ಶ್ವವಾಯು, ಮೂಳೆ ಮುರಿತ, ಶ್ವಾಸಕೋಶದ ತೊಂದರೆಗಳಿರುವ ರೋಗಿಗಳ ಚಿಕಿತ್ಸೆಗೆ ಸಂಬಂಧಿಸಿದ್ದು. ಆಸ್ಪತ್ರೆಯ ವಾರ್ಡಿನಲ್ಲಿ ಮನಸ್ಸು ನಿಲ್ಲದವರು ಭದ್ರತೆಯ ಆಸೆಗಾಗಿ ಇದನ್ನು ಆರಿಸಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೂರನೆಯದು ದೈಹಿಕ ಶಿಕ್ಷಣ. ಯಾವುದೋ ಪದವಿ ಮುಗಿಸಿ ಎರಡು ವರ್ಷದ ಬಿ.ಪಿ.ಇಡಿ. ಮಾಡಿದವರಿಗೆ ಶಾಲೆಯ ಪಿ.ಟಿ. ಮೇಷ್ಟ್ರ ಹುದ್ದೆಯ ಬಾಗಿಲು ತೆರೆಯುತ್ತದೆ. ಮಕ್ಕಳ ಗುಂಪನ್ನು ನಿಭಾಯಿಸುವ ಕಲೆಯೂ ಕೈವಶವಾಗುತ್ತದೆ. ವಿಜ್ಞಾನದ ಭಾಗ ತೆಳುವಾಗಿರುವುದರಿಂದ ಮುಂದೆ ಸ್ನಾತಕೋತ್ತರ ಮಟ್ಟದಲ್ಲಿ ಅದನ್ನು ತುಂಬಿಕೊಳ್ಳಬೇಕಾಗುತ್ತದೆ.

ಪ್ರಮಾಣಪತ್ರದ ನಿಯಮ ಈಗಲೇ ನೋಡಿ

ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ತಜ್ಞರೆಂಬ ಪ್ರಮಾಣಪತ್ರಕ್ಕಾಗಿ ಅಮೆರಿಕದ ಎನ್‌ಎಸ್‌ಸಿಎ ಸಂಸ್ಥೆ ನಡೆಸುವ ಸಿಎಸ್‌ಸಿಎಸ್ ಪರೀಕ್ಷೆಗೆ ಜಗತ್ತಿನಾದ್ಯಂತ ಮನ್ನಣೆಯಿದೆ. ಅದನ್ನು ಬರೆಯಲು ಪದವಿ ಪಡೆದಿರಬೇಕು ಅಥವಾ ಅಂತಿಮ ವರ್ಷದಲ್ಲಿರಬೇಕು. ಜೊತೆಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ತರಬೇತಿಯ ಪ್ರಮಾಣಪತ್ರವೂ ಬೇಕು. ಪರೀಕ್ಷೆ ವಿಜ್ಞಾನ ಮತ್ತು ಪ್ರಾಯೋಗಿಕ ಎಂಬ ಎರಡು ಭಾಗಗಳಲ್ಲಿ ನಡೆಯುತ್ತದೆ. ಈ ತನಕ ವಾಣಿಜ್ಯ ಪದವೀಧರರೂ ಬರೆಯಬಹುದಾಗಿದ್ದ ಈ ಪರೀಕ್ಷೆಗೆ, 2030ರ ಹೊತ್ತಿಗೆ ಸಂಬಂಧಿತ ವಿಷಯದಲ್ಲಿ ಮಾನ್ಯತೆ ಪಡೆದ ಕೋರ್ಸಿನ ಪದವಿಯನ್ನೇ ಕೇಳುವುದಾಗಿ ಸಂಸ್ಥೆ ಪ್ರಕಟಿಸಿದೆ. ಈಗ ಕಾಲೇಜು ಸೇರುವವರು ಪದವಿ ಪಡೆಯುವ ವೇಳೆಗೆ ಆ ನಿಯಮ ಎದುರಾಗುವುದರಿಂದ, ವಿದೇಶದ ತಂಡಗಳ ಕನಸಿರುವವರು ಸೀಟು ಖಚಿತಪಡಿಸುವ ಮುನ್ನವೇ ಎನ್‌ಎಸ್‌ಸಿಎ ಜಾಲತಾಣದಲ್ಲಿ ಇದನ್ನು ಓದಿಕೊಳ್ಳಬೇಕು.

ಕಾಲೇಜಿಗೆ ಹೋಗಿ ವಿಚಾರಿಸಿ

ಕರ್ನಾಟಕದಲ್ಲಿರುವವರಿಗೆ ಒಂದು ಅನುಕೂಲವಿದೆ. ಬೆಂಗಳೂರಿನಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ, ಬಿಸಿಸಿಐನ ಸೆಂಟರ್ ಆಫ್ ಎಕ್ಸಲೆನ್ಸ್ ಇವೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಇಂಥ ಕಡೆ ಇಂಟರ್ನ್‌ಶಿಪ್ ಸುಲಭವಾಗಿ ಸಿಗುತ್ತದೆಂದಲ್ಲ. ಆದರೆ ಮೊದಲ ವರ್ಷದಿಂದಲೇ ಊರಿನ ಕಬಡ್ಡಿ ತಂಡಕ್ಕೋ ಅಥ್ಲೆಟಿಕ್ಸ್ ಕ್ಲಬ್ಬಿಗೋ ವಾರ್ಮ್‌ಅಪ್ ಮಾಡಿಸಿ, ಯಾರು ಎಷ್ಟು ಭಾರ ಎತ್ತಿದರು, ಯಾರಿಗೆ ಎಲ್ಲಿ ನೋವೆಂದು ಪುಸ್ತಕದಲ್ಲಿ ಬರೆದಿಟ್ಟ ವಿದ್ಯಾರ್ಥಿಯ ಅರ್ಜಿಗೆ ತೂಕ ಹೆಚ್ಚು.

ಶುಲ್ಕ ಕಟ್ಟುವ ಮೊದಲು ಕಾಲೇಜಿನ ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳನ್ನು ಭೇಟಿಯಾಗಿ, ಪ್ರಯೋಗಾಲಯದ ಉಪಕರಣಗಳನ್ನು ತಾವೇ ಕೈಯಾರೆ ಬಳಸಿದ್ದಾರೆಯೇ, ಇಂಟರ್ನ್‌ಶಿಪ್ ಎಲ್ಲಿ ಮಾಡಿದರು ಎಂದು ಕೇಳಿ. ಉತ್ತರದಲ್ಲಿ ಬಡಾವಣೆಯ ಜಿಮ್‌ಗಳ ಹೆಸರುಗಳಷ್ಟೇ ಕೇಳಿಬಂದರೆ ಮುಂದಿನ ಕಾಲೇಜನ್ನು ನೋಡಿ.