ಸಿಂಗಳೀಕದ ಹೊಟ್ಟೆಯ ಹುಳು: ಮರದಡಿ ಕಾದು ನೋಡಿದ್ದು

ಸಿಂಗಳೀಕದ ಹೊಟ್ಟೆಯಲ್ಲಿ ಯಾವ ಹುಳುವಿದೆ ಎಂದು ನೋಡಲು ಅದನ್ನು ಹಿಡಿಯುವ ಹಾಗಿಲ್ಲ. ಅಳಿವಿನಂಚಿನ ಪ್ರಾಣಿ, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ. ಉಳಿಯುವುದು ಮಲವೊಂದೇ. ಅದನ್ನು ಎತ್ತಿಕೊಳ್ಳಲೂ ಅರಣ್ಯ ಇಲಾಖೆಯ ಅನುಮತಿ ಬೇಕು.

ಶರಾವತಿ, ಅಘನಾಶಿನಿ ಕಣಿವೆಗಳ ನಡುವಿನ ಕಾಡಿನಲ್ಲಿ ನಾನು ಮಾಡಿದ ಕೆಲಸವಿದು. ಸಂಜೆ ಗುಂಪು ಯಾವ ಮರದಲ್ಲಿ ಮಲಗಿತೆಂದು ನೋಡಿಟ್ಟುಕೊಂಡು, ಬೆಳಕು ಹರಿಯುವ ಮೊದಲೇ ಅಲ್ಲಿಗೆ ಹೋಗಿ ಕೂರುತ್ತಿದ್ದೆವು. ಎದ್ದ ಮೇಲೆ ಹೆಚ್ಚು ಹೊತ್ತು ಕಾಯಿಸುವುದಿಲ್ಲ. ಆದರೆ ಮೇಲಿಂದ ಬೀಳುವಷ್ಟರಲ್ಲಿ ಅರ್ಧ ಎಲೆಗಳಿಗೇ ಅಂಟಿರುತ್ತದೆ. ಅದೇ ಕಾಡಿನಲ್ಲಿ ಕೆಂಪು ಮೂತಿಯ ಮಂಗಗಳೂ ಮುಸಿಯಗಳೂ ಇರುವುದರಿಂದ, ಹಾಕಿದ್ದು ಯಾರು ಎಂದು ಕಣ್ಣಾರೆ ಕಂಡಿದ್ದನ್ನಷ್ಟೇ ತೆಗೆದುಕೊಳ್ಳುತ್ತಿದ್ದೆ. ನೆಲದಲ್ಲಿ ಸಿಕ್ಕ ಅನಾಮಿಕ ಮಲ ಎಷ್ಟೇ ತಾಜಾ ಇರಲಿ, ನನಗೆ ಬೇಡ.

ಮಣ್ಣು ತಾಗಿದ ಭಾಗ ಬಿಟ್ಟು ಒಳಗಿನದನ್ನೇ ತೆಗೆಯಬೇಕು. ಮಣ್ಣಿನಲ್ಲಿ ತಮ್ಮ ಪಾಡಿಗೆ ಬದುಕುವ ದುಂಡುಹುಳುಗಳು ಸೇರಿಕೊಂಡರೆ ಲೆಕ್ಕವೆಲ್ಲ ಕೆಡುತ್ತದೆ. ಒಂದು ಪಾಲು ಶೇಕಡಾ 10ರ ಫಾರ್ಮಲಿನ್‌ಗೆ, ಇನ್ನೊಂದು ಎಥನಾಲ್‌ಗೆ. ಫಾರ್ಮಲಿನ್ ಮೊಟ್ಟೆಯ ಆಕಾರ ಉಳಿಸುತ್ತದೆ, ಡಿಎನ್‌ಎ ಹಾಳುಮಾಡುತ್ತದೆ.

ಚಳಿಗಾಲ ಮುಗಿದು ಬೇಸಿಗೆ ಹತ್ತಿರವಾದರೆ ಉಣುಗಿನ ಕಾಟ. ಅದು ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ, ನಮಗೆ ಪಕ್ಕದ ತಾಲ್ಲೂಕೇ. ಮೈಗೆ ಉಣುಗು ದೂರವಿಡುವ ಡೇಪಾ ಎಣ್ಣೆ, ಕಾಲಿಗೆ ಉದ್ದನೆ ಸಾಕ್ಸ್. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸುವುದು.

ಲ್ಯಾಬಿನ ಕೆಲಸ ಇದಕ್ಕಿಂತ ಸುಲಭ. ಇನ್ನು ಕರಗದಷ್ಟು ಉಪ್ಪು ಹಾಕಿದ ನೀರಿನಲ್ಲಿ ಮಲ ಕದಡಿ ಸೋಸಿದರೆ ಹಗುರ ಮೊಟ್ಟೆಗಳು ಮೇಲೆ ತೇಲುತ್ತವೆ. ಚಪ್ಪಟೆ ಹುಳುಗಳ ಭಾರದ ಮೊಟ್ಟೆಗಳಿಗೆ ತಳದ ಗಷ್ಟನ್ನೇ ನೋಡಬೇಕು. ಚಾಟಿಹುಳು ಟ್ರೈಕ್ಯೂರಿಸ್‌ನ ಮೊಟ್ಟೆ ಎರಡೂ ತುದಿಗೆ ಬಿರಡೆ ಹಾಕಿದ ಪೀಪಾಯಿಯ ಹಾಗೆ, ಒಮ್ಮೆ ಕಂಡರೆ ಮರೆಯುವುದಿಲ್ಲ. ಕೊಕ್ಕೆಹುಳು ಮತ್ತು ಈಸೊಫಾಗೊಸ್ಟೋಮಮ್ ಎಂಬ ಇನ್ನೊಂದು ಕರುಳಿನ ಹುಳುವಿನ ಮೊಟ್ಟೆಗಳು ಮಾತ್ರ ಒಂದರ ಹಾಗೇ ಇನ್ನೊಂದು. ಮರಿ ಬೆಳೆಸಿ ನೋಡಬೇಕು, ಇಲ್ಲವೇ ಡಿಎನ್‌ಎ. ಅದಿಲ್ಲದೆ ಹೆಸರು ಬರೆದುಬಿಡುವ ವರದಿಗಳನ್ನು ನಾನು ನಂಬುವುದಿಲ್ಲ. ಹುಳು ದಿನವೂ ಒಂದೇ ಪ್ರಮಾಣದಲ್ಲಿ ಮೊಟ್ಟೆ ಹಾಕುವುದಿಲ್ಲವಾದ್ದರಿಂದ ಒಂದು ಸ್ಲೈಡ್ ಖಾಲಿ ಬಂದರೆ ಮಂಗ ಆರೋಗ್ಯವಾಗಿದೆ ಎಂದೂ ಅಲ್ಲ.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ಕಾಲಂ ಬೇರೆಯೇ: ಗುಂಪು ನೆಲಕ್ಕೆ ಇಳಿದದ್ದು ಎಲ್ಲಿ, ಎಷ್ಟು ಹೊತ್ತು. ಚಾಟಿಹುಳುವಿನ ಮೊಟ್ಟೆ ಹೊರಬಿದ್ದ ಕೂಡಲೇ ಸೋಂಕು ಹಚ್ಚುವುದಿಲ್ಲ. ತೇವದ ಮಣ್ಣಿನಲ್ಲಿ ವಾರಗಟ್ಟಲೆ ಬಲಿಯಬೇಕು. ಉಪ್ಪಗೆ, ಹಲಸು ತಿನ್ನುತ್ತ ಮರದಿಂದ ಮರಕ್ಕೆ ಹೋಗುವ ಗುಂಪಿಗೆ ಆ ಮಣ್ಣಿನ ಸಂಪರ್ಕವೇ ಕಡಿಮೆ. ಕಾಡು ತುಂಡಾಗಿ, ರಸ್ತೆ ದಾಟಲು, ಎಸೆದ ತಿಂಡಿ ಹೆಕ್ಕಲು ಇಳಿದಾಗ ಅದು ಜನರ, ದನಗಳ ಹುಳುವನ್ನೂ ಹೆಕ್ಕಿಕೊಳ್ಳುತ್ತದೆ. ತಮಿಳುನಾಡಿನ ಆನೆಮಲೆಯ ಸಿಂಗಳೀಕಗಳ ಬಗ್ಗೆ ಹೈದರಾಬಾದಿನ ಜೀವಶಾಸ್ತ್ರ ಸಂಶೋಧನಾ ಕೇಂದ್ರ ಸಿಸಿಎಂಬಿಯ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಜನರಿರುವ ಕಡೆಯ ಗುಂಪುಗಳಲ್ಲಿ ಹುಳುವಿನ ಹೊರೆ ಹೆಚ್ಚು.

"ಬಾಳೆಹಣ್ಣಿನಲ್ಲಿ ಜಂತುಹುಳದ ಮಾತ್ರೆ ಇಟ್ಟು ಕೊಟ್ರೆ ಆಗಲ್ವಾ ಸಾರ್?" ಎಂದು ಊರವರು ಕೇಳುತ್ತಾರೆ. ಆಗುವುದಿಲ್ಲ. ಯಾವ ಮಂಗ ಎಷ್ಟು ತಿಂದಿತೆಂಬುದು ಕೈಯಲ್ಲಿರುವುದಿಲ್ಲ, ಮಣ್ಣಿನಲ್ಲಿ ಉಳಿದ ಮೊಟ್ಟೆಗೆ ಮಾತ್ರೆ ತಾಗುವುದಿಲ್ಲ. ಮೇಲಾಗಿ ಆ ಬಾಳೆಹಣ್ಣಿಗೇ ಅದು ನಾಳೆಯೂ ಕೆಳಗಿಳಿಯುತ್ತದೆ. ರಸ್ತೆಯ ಮೇಲೆ ಎರಡು ಬದಿಯ ಕೊಂಬೆ ಕೂಡಿರುವಲ್ಲಿ ಕಡಿಯಬೇಡಿ, ಕಸದ ಗುಂಡಿ ಮುಚ್ಚಿಡಿ ಎಂದಷ್ಟೇ ನಾನು ಕೇಳಿಕೊಳ್ಳುವುದು.